ಹೆಸರು ಬರೆಸದೆ ಬಂದ ಬಣ್ಣ

ಆ ಬಣ್ಣದ ಮನೆಗೆ ಹೊಸದಾಗಿ ಬಂದವರು ಮೊದಲು ಮೂಗು ಮುಚ್ಚುತ್ತಾರೆ, ಆಮೇಲೆ ತಲೆ ಎತ್ತುತ್ತಾರೆ. ಮೂಗು ಮುಚ್ಚುವುದು ಕುದಿಯುವ ಉಣ್ಣೆಯ ವಾಸನೆಗೆ. ತಲೆ ಎತ್ತುವುದು ಛಾವಣಿಯ ಕಂಬಿಗಳಿಂದ ಇಳಿಬಿದ್ದ ನೂಲಿನ ಲಡಿಗಳನ್ನು ನೋಡಲಿಕ್ಕೆ. ಕೆಂಪು, ಸಾಸಿವೆ, ಬೂದು, ಪಾಚಿ ಹಸಿರು, ಎಲ್ಲವೂ ನೀರು ಸೋರಿಸುತ್ತ ತೂಗುತ್ತಿರುತ್ತವೆ. ಆ ಲಡಿಗಳ ನಡುವೆ ಗೋಡೆಯಿಂದ ಗೋಡೆಗೆ ಒಂದು ಕಪ್ಪು ದಾರವೂ ಹಾದುಹೋಗಿದೆ. ಅದು ದಾರವಲ್ಲ, ಕಂಪ್ಯೂಟರಿನ ವೈರು.

ಆ ವೈರನ್ನು ಎಳೆದವಳೇ ವೈರಕ್ಕ. ಅವಳಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಬಣ್ಣ ಕುದಿಸುವ ತೊಟ್ಟಿಗಳ ಮೇಲ್ವಿಚಾರಕ ಹಬೆಮಾಮ ಒಂದು ದಿನ ಏಣಿ ಹತ್ತಿ, ಕೈಗೆ ಸಿಕ್ಕಿದ್ದು ಕಂಬಿ ಎಂದುಕೊಂಡು ಒದ್ದೆ ಲಡಿಯನ್ನು ವೈರಿಗೆ ನೇತುಹಾಕಿದ. ಇಡೀ ಕಟ್ಟಡದ ಇಂಟರ್ನೆಟ್ಟು ಲಡಿಯ ಸಮೇತ ಕೆಳಗೆ ಬಂತು. "ಇದು ದಾರಾನೋ ವೈರೋ ಅಂತ ಒಂದು ಚೀಟಿ ಅಂಟಿಸಬಾರದೇನು, ವೈರಕ್ಕಾ?" ಎಂದು ಅವನು ಏಣಿಯ ಮೇಲಿಂದಲೇ ಜೋರು ಮಾಡಿದ. ಅಂದಿನಿಂದ ಅವಳ ನಿಜವಾದ ಹೆಸರು ಅಮ್ಮನ ಬಾಯಲ್ಲಿ ಮಾತ್ರ ಉಳಿಯಿತು. ಅದೂ ಅಮ್ಮನಿಗೆ ಸಿಟ್ಟು ಬಂದಾಗ.

ಬಣ್ಣದ ಮನೆ ಅವಳ ಅಣ್ಣನದು. ಕೆಳಗೆ ತೊಟ್ಟಿಗಳು, ಮಧ್ಯದಲ್ಲಿ ಆಫೀಸು ಎನ್ನಿಸಿಕೊಂಡ ಒಂದು ಗಾಜಿನ ಕೋಣೆ, ಮೇಲೆ ಸಂಸಾರ. ಕಟ್ಟಡದಲ್ಲಿ ಪ್ಲಗ್ಗು ಇರುವ ವಸ್ತುಗಳೆಲ್ಲ ವೈರಕ್ಕನ ಪಾಲು, ಬೆಂಕಿ ಇರುವುದೆಲ್ಲ ಹಬೆಮಾಮನ ಪಾಲು. ಎರಡೂ ಇಲ್ಲದ್ದು ಅಣ್ಣನದು, ಅಂದರೆ ಚಿಂತೆ.

ಈಚೆಗೆ ಚಿಂತೆ ದೊಡ್ಡದಾಗಿತ್ತು. ತೊಟ್ಟಿಗಳು ಎರಡು. ಎರಡನೆಯದು ಉರಿ ಕಾಣದೆ ತಿಂಗಳುಗಳೇ ಆಗಿದ್ದವು. ಅದನ್ನು ಉರಿಸುವಷ್ಟು ಕೆಲಸ ಕೊಡಬಲ್ಲವಳು ಒಬ್ಬಳೇ. ದೂರದ ಪಟ್ಟಣದಲ್ಲಿ ರತ್ನಗಂಬಳಿ ನೇಯಿಸುವ ಹೆಂಗಸು ಅವಳು, ಇವರ ಬಾಯಲ್ಲಿ "ಗಂಬಳಿ ಮೇಡಂ". ಅವಳದು ಒಂದೇ ಷರತ್ತು. ನೇಕಾರರು ತಮ್ಮ ಜಾಗದಲ್ಲೇ ಕೂತು, ಬೇಕಾದ ಬಣ್ಣವನ್ನು ಅಳೆದು, ವೆಬ್ ಪುಟದಲ್ಲಿ ಹಾಕಬೇಕು. ಅದಕ್ಕೆ ಯಾವ ಪುಡಿ ಎಷ್ಟು ಎಂಬುದು ತಕ್ಷಣ ಇಲ್ಲಿ ತೊಟ್ಟಿಯ ಹತ್ತಿರ ಕಾಣಬೇಕು. ಮಾದರಿ ಲಡಿಯನ್ನು ಟಪ್ಪಾಲಿನಲ್ಲಿ ಕಳಿಸಿ, ಉತ್ತರಕ್ಕೆ ಕಾಯುವ ಕಾಲ ಮುಗಿಯಿತು ಎಂದಿದ್ದಳು. ದೊಡ್ಡ ಗಿರಣಿಯವರು ಅಂಥದ್ದನ್ನು ಆಗಲೇ ಇಟ್ಟುಕೊಂಡಿದ್ದರು. ಶುಕ್ರವಾರ ಊಟದ ಹೊತ್ತಿನ ಮೇಲೆ ಅವಳೇ ಒಂದು ಬಣ್ಣ ಹಾಕಿ ನೋಡುವುದೆಂದು ಮಾತಾಗಿತ್ತು. ಲೆಕ್ಕ ಸರಿಯಾಗಿ ಬಂದರೆ ಎರಡನೇ ತೊಟ್ಟಿ ಉರಿಯುತ್ತದೆ. ಬಾರದಿದ್ದರೆ ತೊಟ್ಟಿಯನ್ನು ಮಾರಿಬಿಡುವುದು ಎಂದು ಅಣ್ಣ ಮನಸ್ಸು ಮಾಡಿದ್ದ. ಮಾರಿದ ಮೇಲೆ ಹಬೆಮಾಮನಿಗೆ ಏನು ಕೆಲಸ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಹಬೆಮಾಮನಂತೂ ಕೇಳಿರಲೇ ಇಲ್ಲ.

"ಬರುತ್ತೆ, ನಾನು ತರಿಸ್ತೀನಿ" ಎಂದು ಮಾತು ಕೊಟ್ಟವಳು ವೈರಕ್ಕ.

ಧೈರ್ಯಕ್ಕೆ ಕಾರಣವಿತ್ತು. ಬಣ್ಣದ ಲೆಕ್ಕ ಮಾಡುವ ಲೈಬ್ರರಿ ಅವಳ ಹತ್ತಿರವಿತ್ತು. ಇದು ಪುಸ್ತಕದ ಲೈಬ್ರರಿಯಲ್ಲ. ತಾನಾಗಿ ಏನೂ ಮಾಡದೆ, ಬೇರೆ ತಂತ್ರಾಂಶ ಹೆಸರು ಹಿಡಿದು ಕರೆದಾಗ ಬಂದು, ತನಗೆ ಗೊತ್ತಿರುವ ಒಂದು ಕೆಲಸವನ್ನು ಮಾಡಿಕೊಟ್ಟು ಹೋಗುವ ಕೂಲಿಯಾಳಿನಂಥ ಫೈಲು. ಬಣ್ಣ ಓದುವ ಯಂತ್ರದ ಅಂಕಿಗಳನ್ನು ಕೊಟ್ಟರೆ ಹಳದಿ ಇಷ್ಟು, ಕೆಂಪು ಇಷ್ಟು, ನೀಲಿ ಇಷ್ಟು ಎಂದು ಹೇಳುತ್ತಿತ್ತು. ಬರೆದವರು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು. ಹಳೆಯ ಪ್ರತಿಯಲ್ಲಿ ಒಂದು ಊನವಿತ್ತು, ಎಲ್ಲ ಬಣ್ಣವೂ ಒಂದು ಎಳೆ ನೀಲಿಯ ಕಡೆ ವಾಲುತ್ತಿತ್ತು. ಹಬೆಮಾಮ ಅದಕ್ಕೆ ತನ್ನದೇ ಮದ್ದು ಕಂಡುಕೊಂಡಿದ್ದ. ತೂಗಿಟ್ಟ ನೀಲಿ ಪುಡಿಯಿಂದ ಒಂದು ಚಿಟಿಕೆ ತೆಗೆದು ಡಬ್ಬಿಗೆ ವಾಪಸು ಹಾಕುವುದು. ವೈರಕ್ಕ ಮೇಷ್ಟ್ರಿಗೆ ಫೋನು ಮಾಡಿ ಮಾಡಿ, ವಾಲುವುದನ್ನು ಸರಿಪಡಿಸಿದ ಹೊಸ ಪ್ರತಿಯನ್ನು ತರಿಸಿಕೊಂಡಿದ್ದಳು.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ವೆಬ್ ಪುಟ ಇರಬೇಕಾದದ್ದು ಬಾಡಿಗೆಯ ಸರ್ವರಿನಲ್ಲಿ. ಈ ಜಾತಿಯ ಲೈಬ್ರರಿಯೋ, ಯಂತ್ರದಲ್ಲಿ ಮೊದಲು ತನ್ನ ಹೆಸರು ವಿಳಾಸ ನೋಂದಾಯಿಸಿಕೊಳ್ಳಬೇಕು. ಆಗಲೇ ಕರೆದವರಿಗೆ ಅದು ಎಲ್ಲಿದೆ ಎಂದು ತಿಳಿಯುವುದು. ಸರ್ವರ್ ನೋಡಿಕೊಳ್ಳುವವನಿಗೆ ವೈರಕ್ಕ ಫೋನು ಮಾಡಿದಳು.

"ಇಲ್ಲ ಮೇಡಂ."

"ಒಂದೇ ಒಂದು ಫೈಲು ಕಣ್ರೀ."

"ಇಲ್ಲ ಮೇಡಂ. ಒಂದೇ ಯಂತ್ರದಲ್ಲಿ ಎಷ್ಟೋ ಜನ ಬಾಡಿಗೆಗೆ ಇದಾರೆ. ಹಿಂದೆ ಒಬ್ಬರು ತಮ್ಮದನ್ನ ನೋಂದಾಯಿಸಿ, ಪಕ್ಕದೋರ ಹಳೇದನ್ನ ಕೆಡಿಸಿಟ್ರು. ಅವತ್ತಿಂದ ಯಾರಿಗೂ ಇಲ್ಲ. ನಿಮ್ಮ ಫೋಲ್ಡರಿನೊಳಗೆ ಏನು ಬೇಕಾದ್ರೂ ಇಟ್ಕೊಳಿ. ಯಂತ್ರದಲ್ಲಿ ಹೆಸರು ಬರೆಸೋದು ಮಾತ್ರ ಇಲ್ಲ."

ಆ ದಿನದಿಂದ ಅವನು ಇವರ ಮನೆಯಲ್ಲಿ "ಇಲ್ಲಪ್ಪ" ಆದ.

ಇಲ್ಲಪ್ಪ ಅಂದದ್ದರಲ್ಲೇ ದಾರಿಯೂ ಇತ್ತು. ವೈರಕ್ಕ ಓದಿದಳು, ಕೇಳಿದಳು, ಮತ್ತೆ ಓದಿದಳು. ನೋಂದಣಿಯಿಲ್ಲದೆಯೂ ಲೈಬ್ರರಿಯನ್ನು ಇಟ್ಟುಕೊಳ್ಳಬಹುದಂತೆ. ಫೋಲ್ಡರಿನಲ್ಲಿ ಅದರ ಪಕ್ಕಕ್ಕೇ ಒಂದು ಪುಟ್ಟ ಪರಿಚಯದ ಫೈಲು ಇಟ್ಟರಾಯಿತು. "ಈ ಹೆಸರಿನಿಂದ ಯಾರಾದರೂ ಕರೆದರೆ, ಅದು ಇಲ್ಲೇ ಇರುವ ಇವನು" ಎಂದು ಅದರಲ್ಲಿ ಬರೆದಿರಬೇಕು, ಅಷ್ಟೆ. ಅವಳು ಅಣ್ಣನಿಗೆ ಇದನ್ನು ಹೇಳಿದ್ದು ಹೀಗೆ: "ಅಡುಗೆಯವನು ತನ್ನ ಒಲೆ, ಪಾತ್ರೆ, ಸೌಟು ಸಮೇತ ಬರ್ತಾನೆ. ಮನೆಯೋರ ಒಂದು ಚಮಚಾನೂ ಮುಟ್ಟಲ್ಲ. ಹೋಗುವಾಗ ಒಂದು ಕಲೆಯೂ ಬಿಡಲ್ಲ."

"ಹಾಗೆ ಬರೋ ಅಡುಗೆಯವನು ಎಲ್ಲಿ ಸಿಗ್ತಾನೆ, ನಮ್ಮ ಮನೆಗೂ ಹೇಳೇ" ಎಂದಳು ಮೇಲಿಂದ ಅಮ್ಮ. ಅಮ್ಮನ ಕಿವಿಗೆ ಮಹಡಿ ಅಡ್ಡಿಯಲ್ಲ.

ಗುರುವಾರ ಮಧ್ಯಾಹ್ನ ವೈರಕ್ಕ ಗಾಜಿನ ಕೋಣೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಜೋಡಿಸಿ ನೋಡಿದಳು. ಹೊಸ ಪ್ರತಿ, ಪಕ್ಕದಲ್ಲಿ ಪರಿಚಯದ ಫೈಲು, ಮೇಲೆ ವೆಬ್ ಪುಟ. ಅಂಕಿ ಹಾಕಿ ಗುಂಡಿ ಒತ್ತಿದಳು. ಹಳದಿ, ಕೆಂಪು, ನೀಲಿ ಮೂರೂ ಸಾಲಾಗಿ ಬಂದವು.

"ಬಂತು!" ಎಂದು ಅವಳು ಕೂಗಿದ್ದಕ್ಕೆ ಹಬೆಮಾಮ ಉರಿ ಬಿಟ್ಟು ಓಡಿಬಂದ. ಅಣ್ಣ ಎಲ್ಲರಿಗೂ ಚಹಾ ತರಿಸಿದ. ಎರಡನೇ ತೊಟ್ಟಿಯ ಒಳಗಿದ್ದ ಖಾಲಿ ಗೋಣಿಚೀಲಗಳನ್ನೂ ತೆಗೆಸಿ, ತೊಳೆಸಿದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದು ಹೀಗೆ.

ಶುಕ್ರವಾರ ಬೆಳಗ್ಗೆ ಅದೇ ಫೋಲ್ಡರನ್ನು ಸರ್ವರಿಗೆ ಏರಿಸಿದಳು. ಗುಂಡಿ ಒತ್ತಿದಳು. ಪುಟ ಬೆಳ್ಳಗಾಯಿತು. ನಡುವೆ ಒಂದೇ ಸಾಲು. ಆ ಹೆಸರಿನವರು ಯಾರೂ ಈ ಯಂತ್ರದಲ್ಲಿ ನೋಂದಾಯಿತರಲ್ಲ ಎಂದು ಅದರ ಅರ್ಥ.

ಮತ್ತೆ ಒತ್ತಿದಳು. ಅದೇ ಸಾಲು. ಗಾಜಿನ ಕೋಣೆಯ ಕಂಪ್ಯೂಟರಿನಲ್ಲಿ ಒತ್ತಿದಳು. ಅಲ್ಲಿ ಮೂರು ಬಣ್ಣವೂ ಮುತ್ತಿನಂತೆ ಬಂದವು. ಅದೇ ಫೋಲ್ಡರು, ಅದೇ ಫೈಲು. ಇಲ್ಲಿ ಹೂಂ ಅನ್ನುವುದು ಅಲ್ಲಿ ಊಹೂಂ ಅನ್ನುತ್ತಿತ್ತು.

"ಬಂತೇನೇ?" ಅಮ್ಮ ಮೇಲಿಂದ ಕೇಳಿದಳು.

"ಬರ್ತಾ ಇದೆ ಅಮ್ಮಾ."

"ನೆನ್ನೆನೇ ಬಂದಿತ್ತಲ್ಲ?"

 ವೈರಕ್ಕ ಎದ್ದು ತೊಟ್ಟಿಯ ಕಡೆ ಬಂದಳು. ತಲೆ ಕೆಟ್ಟಾಗ ಅವಳು ಕಂಬಿಗಳ ಕೆಳಗೆ ಓಡಾಡುವುದು ವಾಡಿಕೆ. ಲಡಿಗಳ ನೀರು ನೆತ್ತಿಯ ಮೇಲೆ ತೊಟ್ಟಿಕ್ಕಿದರೆ ತಲೆ ತಂಪಾಗುತ್ತದೆ ಎಂಬುದು ಅವಳ ನಂಬಿಕೆ. ಅವಳ ಕೂದಲಲ್ಲಿ ಯಾವಾಗಲೂ ಯಾವುದೋ ಒಂದು ಬಣ್ಣದ ಎಳೆ ಕಾಣುವುದಕ್ಕೂ ಇದೇ ಕಾರಣ.

ಆ ಬಣ್ಣದ ಮನೆಯಲ್ಲಿ ಒಂದು ಪದ್ಧತಿಯಿದೆ. ಲೆಕ್ಕ ಎಲ್ಲಿಂದಲೇ ಬರಲಿ, ದೊಡ್ಡ ತೊಟ್ಟಿಗೆ ಹಾಕುವ ಮೊದಲು ಒಂದು ಗಾಜಿನ ಜಾಡಿಯಲ್ಲಿ ಬೆರಳುದ್ದದ ಲಡಿಯನ್ನು ಅದ್ದಿ ನೋಡಬೇಕು. ಗುರುವಾರದ ಸಂಭ್ರಮದಲ್ಲೂ ಹಬೆಮಾಮ ಪದ್ಧತಿ ಬಿಟ್ಟಿರಲಿಲ್ಲ. ವೆಬ್ ಪುಟ ಹೇಳಿದ ಅಳತೆಗೇ ಒಂದು ಪುಟ್ಟ ಲಡಿ ಅದ್ದಿ ಕಂಬಿಗೆ ಹಾಕಿದ್ದ. ಹೊಸ ಪ್ರತಿ ಎಂದು ಹೇಳಿದ್ದರಿಂದ ಚಿಟಿಕೆ ತೆಗೆಯಲು ಹೋಗಿರಲಿಲ್ಲ. ಅದೀಗ ಒಣಗಿ, ಕಿಟಕಿಯ ಬೆಳಕಿನಲ್ಲಿ ತೂಗುತ್ತಿತ್ತು.

ಹಬೆಮಾಮ ಅದರ ಕಡೆ ಗಲ್ಲ ಎತ್ತಿ ತೋರಿಸಿದ. "ಏನೋ ಹೊಸಾದು ಹೊಸಾದು ಅಂತ ಮೆರೆಸಿದ್ಯಲ್ಲ ವೈರಕ್ಕಾ, ನಿನ್ನ ಹೊಸ ಅಳಿಯನಿಗೂ ಹಳೇ ಅಳಿಯನ ಚಾಳಿಯೇ ಇದೆ. ನೋಡು, ನೀಲಿ ಕಡೆ ವಾಲೈತೆ."

ವೈರಕ್ಕ ಲಡಿಯನ್ನು ಎಳೆದು ಕಣ್ಣಿನ ಹತ್ತಿರ ಹಿಡಿದಳು. ಸಾಸಿವೆ ಬಣ್ಣ ಆಗಬೇಕಿದ್ದದ್ದು. ನಿಜ, ಒಂದು ಎಳೆ ನೀಲಿ. ಹೊಸ ಪ್ರತಿ ಹೀಗೆ ವಾಲುವ ಹಾಗೇ ಇಲ್ಲ. ಮೇಷ್ಟ್ರು ಅದನ್ನು ಸರಿಪಡಿಸಲಿಕ್ಕೇ ಅಷ್ಟು ಹೆಣಗಿದ್ದು. ವಾಲುವುದು ಹಳೆಯದು. ಅಂದರೆ ನೆನ್ನೆ ಈ ಲೆಕ್ಕ ಮಾಡಿದ್ದು—

ಅವಳು ಲಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಗಲು ಶುರು ಮಾಡಿದಳು.

"ಮಾಮಾ, ನೆನ್ನೆ ಬಂದಿದ್ದು ಹೊಸ ಅಳಿಯ ಅಲ್ವೇ ಅಲ್ಲ! ಹಳೇ ಅಳಿಯಾನೇ!"

ಎಲ್ಲ ಬಿಚ್ಚಿಕೊಂಡಿತು. ಗಾಜಿನ ಕೋಣೆಯ ಕಂಪ್ಯೂಟರಿನಲ್ಲಿ ಹಳೆಯ ಪ್ರತಿಯನ್ನು ಎಷ್ಟೋ ವರ್ಷದ ಹಿಂದೆ ಅವಳೇ ಕೈಯಾರೆ ನೋಂದಾಯಿಸಿದ್ದಳು. ಹೊಸದಕ್ಕೂ ಹಳೆಯದಕ್ಕೂ ಒಂದೇ ಹೆಸರು. ವೆಬ್ ಪುಟ ಹೆಸರು ಹಿಡಿದು ಕರೆದಾಗ, ಪಕ್ಕದಲ್ಲಿ ಚೀಟಿ ಹಿಡಿದು ನಿಂತಿದ್ದ ಹೊಸದು ಬಾಯಿ ತೆರೆಯುವ ಮೊದಲೇ, ಒಳಮನೆಯಲ್ಲಿದ್ದ ಹಳೆಯದು "ಬಂದೆ" ಎಂದು ಓಗೊಟ್ಟಿತ್ತು. ಇವರು ಚಹಾ ಕುಡಿದಿದ್ದರು. ಸರ್ವರಿನಲ್ಲಿ ಹಳೆಯದು ಇರಲಿಲ್ಲ. ಅಲ್ಲಿ ಓಗೊಡುವವರೇ ಇರಲಿಲ್ಲ. ಸರ್ವರು ಬೆಳಗಿನಿಂದಲೂ ನಿಜವನ್ನೇ ಹೇಳುತ್ತಿತ್ತು, ಸುಳ್ಳು ಹೇಳಿದ್ದು ಮನೆಯ ಕಂಪ್ಯೂಟರು.

"ಅಣ್ಣಾ!" ಅವಳು ಗಾಜಿನ ಕೋಣೆಗೆ ನುಗ್ಗಿದಳು. "ಹಳೇದರ ನೋಂದಣಿ ಅಳಿಸಬೇಕು. ಈಗಲೇ."

ಅಣ್ಣ ಓದುತ್ತಿದ್ದ ಪೇಪರು ಕೆಳಗಿಟ್ಟ. "ಹಳೇದು ಅಂದ್ರೆ ದಿನಾ ಮಾಮ ಲೆಕ್ಕ ತಗೊಳ್ತಾರಲ್ಲ, ಅದು?"

"ಅದೇ."

"ಅದು ನಡೀತಾ ಇದೆ."

"ನಡೀತಾ ಇರೋದೇ ತೊಂದರೆ! ಅದು ಇಲ್ಲಿರೋವರೆಗೂ ಹೊಸಾದು ಬರುತ್ತೋ ಇಲ್ವೋ ಅಂತ ನನಗೆ ಗೊತ್ತಾಗೋದೇ ಇಲ್ಲ. ಕರೆದಾಗೆಲ್ಲ ಇವನೇ ಮುಂದೆ ಬಂದು ನಿಲ್ತಾನೆ."

"ಅಳಿಸಿದ ಮೇಲೆ ಹೊಸಾದೂ ಬರಲಿಲ್ಲ ಅಂದ್ರೆ?"

"ಹಳೇದನ್ನ ವಾಪಸ್ಸು ಹಾಕ್ಬಹುದು. ಆದ್ರೆ ಅಷ್ಟರಲ್ಲಿ ಮೇಡಂ ಹೊತ್ತು ಬಂದಿರುತ್ತೆ."

"ಮೊದಲನೇ ತೊಟ್ಟಿಯಲ್ಲಿ ನೂಲು ಬಿದ್ದಿದೆ. ಮಧ್ಯೆ ಲೆಕ್ಕ ಬೇಕಾದ್ರೆ ಏನು ಮಾಡೋದು?"

ಬಾಗಿಲಲ್ಲಿ ನಿಂತಿದ್ದ ಹಬೆಮಾಮ ಕೈ ಒರೆಸಿಕೊಂಡ. "ಈ ನೂಲಿನ ಲೆಕ್ಕ ಬೆಳಗ್ಗೇನೇ ತಗೊಂಡಾಯ್ತು. ಅಳಿಸ್ಲಿ ಬಿಡಪ್ಪ" ಎಂದ. "ಹಳೇದನ್ನ ತೆಗೆಯೋಕೆ ಹಳಬನದೇ ಒಪ್ಪಿಗೆ ಇದೆ ಅಂತ ಬರಕೋ" ಎಂದೂ ಸೇರಿಸಿದ.

ಯಾರೂ ನಗಲಿಲ್ಲ. ಅಣ್ಣ ಹಬೆಮಾಮನ ಮುಖ ನೋಡಿದ, ಆಮೇಲೆ ಕಿಟಕಿಯಾಚೆ ತೊಳೆದಿಟ್ಟ ಖಾಲಿ ತೊಟ್ಟಿಯನ್ನು ನೋಡಿದ. "ಅಳಿಸು" ಎಂದ.

ವೈರಕ್ಕ ಅಳಿಸಿದಳು. ಒಂದೇ ಸಾಲಿನ ಆಜ್ಞೆ, ಒಂದು ಪುಟ್ಟ ಕಿಟಕಿ ತೆರೆದು "ಆಯಿತು" ಎಂದು ಮುಚ್ಚಿಕೊಂಡಿತು. ಈಗ ವೆಬ್ ಪುಟದ ಗುಂಡಿ ಒತ್ತಿದಳು. ಪುಟ ಬೆಳ್ಳಗಾಯಿತು. ನಡುವೆ ಅದೇ ಸಾಲು. ಆ ಹೆಸರಿನವರು ಯಾರೂ ಈ ಯಂತ್ರದಲ್ಲಿ ನೋಂದಾಯಿತರಲ್ಲ.

"ಬಂತು! ಬಂತು!" ಅವಳು ಕುರ್ಚಿಯಿಂದ ಹಾರಿದಳು.

ಅಣ್ಣ ಪರದೆಗೆ ಮುಖ ತಂದು ನೋಡಿದ. "ಏನು ಬಂತು? ಇದು ಕೆಟ್ಟಿರೋದು."

"ಹೌದು, ಅಲ್ಲಿ ಕೆಟ್ಟ ಹಾಗೇ ಕೆಟ್ಟಿದೆ!"

"ನಡೀತಾ ಇದ್ದಾಗ ಅಳೋ ಮುಖ, ಕೆಟ್ಟ ಮೇಲೆ ಕುಣಿತ. ಅಮ್ಮಾ, ನಿನ್ನ ಮಗಳನ್ನ ಒಂದು ಸಲ ನೋಡು ಬಾ."

"ಬಂತೇನೇ?" ಎಂದಳು ಅಮ್ಮ, ಇಳಿಯದೆ.

ಬಂದಿದ್ದು ತಪ್ಪು, ಆದರೆ ಕೈಗೆ ಸಿಗುವ ತಪ್ಪು. ಜ್ವರ ಬಾಡಿಗೆಮನೆಯಲ್ಲಿದ್ದಾಗ ಮುಟ್ಟಿ ನೋಡುವಂತಿರಲಿಲ್ಲ; ಈಗ ಅದೇ ಜ್ವರ ಅವಳ ಮನೆಯ ಮಂಚದ ಮೇಲೆಯೇ ಮಲಗಿತ್ತು. ಇಷ್ಟಾದ ಮೇಲೆ ಪ್ರಶ್ನೆ ಒಂದೇ ಉಳಿಯಿತು. ಪರಿಚಯದ ಚೀಟಿ ಪಕ್ಕದಲ್ಲೇ ಇದೆ, ಯಾರೂ ಯಾಕೆ ಓದುತ್ತಿಲ್ಲ?

ಅವಳು ತಾನು ಗುರುತು ಹಾಕಿಕೊಂಡಿದ್ದ ಪುಟಗಳನ್ನು ಮತ್ತೆ ತೆರೆದಳು. ಈ ಸಲ ಓದಿದ್ದು ಬೇರೆ ಥರ ಕಂಡಿತು. ಚೀಟಿಯನ್ನು ಓದುವುದು ಮನೆಯ ಯಜಮಾನ. ಸಾಮಾನ್ಯ ತಂತ್ರಾಂಶದಲ್ಲಿ ಆ ತಂತ್ರಾಂಶವೇ ಯಜಮಾನ. ತನ್ನ ಬಾಗಿಲಲ್ಲಿರುವ ಚೀಟಿಯನ್ನು ತಾನೇ ನೋಡಿಕೊಳ್ಳುತ್ತದೆ. ವೆಬ್ ಪುಟಕ್ಕೆ ಸ್ವಂತ ಮನೆಯಿಲ್ಲ. ಅದು ಸರ್ವರಿನ ಮನೆಯೊಳಗೆ ಓಡುವ ಬಾಡಿಗೆದಾರ. ಸರ್ವರು ತನ್ನ ಬಾಗಿಲ ಚೀಟಿ ಓದುತ್ತದೆಯೇ ಹೊರತು, ಬಾಡಿಗೆದಾರನ ಕೋಣೆಯಲ್ಲಿ ಬಿದ್ದ ಚೀಟಿಯನ್ನು ಎತ್ತಿ ನೋಡುವುದಿಲ್ಲ. ಹಾಗಾಗಿ ಬಾಡಿಗೆದಾರನೇ ಪ್ರತಿ ಸಲ ಬಾಯಿಬಿಟ್ಟು ಹೇಳಬೇಕು. ಕರೆಯುವ ಮುಂಚೆ, "ಈಗ ನನ್ನ ಚೀಟಿ ನೋಡು." ಕೆಲಸ ಮುಗಿದ ಮೇಲೆ, "ಸಾಕು, ಮಡಚಿಡು."

"ಅಯ್ಯೋ, ಇಷ್ಟೇನಾ!" ಎಂದು ಅವಳು ಹಣೆ ಹಣೆ ಬಡಿದುಕೊಂಡಳು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬೀದಿಯೆಲ್ಲ ಹುಡುಕಿದ ಹಾಗಾಗಿತ್ತು.

ಬರೆದಳು. ಹೇಳುವ ಸಾಲುಗಳು ಮೇಲೆ, ಕರೆಯುವ ಸಾಲು ನಡುವೆ, ಮಡಚುವ ಸಾಲುಗಳು ಕೆಳಗೆ. ಮಡಚುವುದನ್ನು ಮರೆತರೆ ಮುಂದೆ ಬರುವವರಿಗೆ ಗೊಂದಲ, ಅದನ್ನು ಎರಡು ಸಲ ನೋಡಿದಳು. ಅಣ್ಣ ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಿದ್ದ. "ಉಸಿರು ಆ ಕಡೆ ಬಿಡು ಅಣ್ಣಾ, ಅಕ್ಷರ ಹಾರಿಹೋಗುತ್ತೆ." ಗುಂಡಿ ಒತ್ತಿದಳು.

ಹಳದಿ, ಕೆಂಪು, ನೀಲಿ. ನೀಲಿ ನೆನ್ನೆಗಿಂತ ಕಡಿಮೆ.

ಈ ಸಲ ಅವಳು ಕೂಗಲಿಲ್ಲ. ಬೆರಳಿಟ್ಟು ನೀಲಿಯ ಅಂಕಿಯನ್ನು ಅಣ್ಣನಿಗೆ ತೋರಿಸಿದಳು. ಹೊಸ ಅಳಿಯ ಮನೆಗೆ ಬಂದಿದ್ದ, ಹೆಸರು ಬರೆಸದೆ, ತನ್ನ ಒಲೆ ಸಮೇತ.

ಸರ್ವರಿಗೆ ಏರಿಸಿದಾಗ ಕೊನೆಯ ಹುಳುಕು ಹೊರಬಿತ್ತು. ಮೇಷ್ಟ್ರ ಲೈಬ್ರರಿ ಹಳೆಯ ಕಾಲದ ಅಳತೆಯದು, ಮೂವತ್ತೆರಡು ಬಿಟ್ಟಿನದು. ಬಾಡಿಗೆಯ ಕೋಣೆ ಹೊಸ ಅಳತೆಗೆ ಕಟ್ಟಿದ್ದು, ಅದಕ್ಕೆ ಇದು ಹಿಡಿಸದು. ಬದಲಿಸುವ ಸ್ವಿಚ್ಚು ಮಾತ್ರ ಇಲ್ಲಪ್ಪನ ಕೈಯಲ್ಲಿ. ಗಂಬಳಿ ಮೇಡಂ ಕೂರುವ ಹೊತ್ತು ಹತ್ತಿರವಾಗಿತ್ತು. ವೈರಕ್ಕ ಫೋನು ಹಚ್ಚಿದಳು.

"ಮೇಡಂ, ನೋಂದಣಿ ಅಂದ್ರೆ—"

"ನೋಂದಣಿ ಬೇಡ ಸ್ವಾಮಿ! ನನಗೆ ಯಂತ್ರದಲ್ಲಿ ಹೆಸರೇ ಬೇಡ. ನನ್ನ ಕೋಣೆಯೊಂದನ್ನ ಮೂವತ್ತೆರಡಕ್ಕೆ ತಿರುಗಿಸಿ, ಸಾಕು. ಪಕ್ಕದೋರ ಗೋಡೆಗೂ ಮುಟ್ಟಲ್ಲ."

ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಟಕಟಕ. "ಇದು ನಿಮ್ಮೊಬ್ಬರಿಗೇ ಇರೋ ಸ್ವಿಚ್ಚು. ನಿಮ್ಮ ಫೋಲ್ಡರು ನೋಡ್ತಾ ಇದೀನಿ. ನೋಂದಣಿ ಇಲ್ಲದೆ ಓಡಿಸ್ತಾ ಇದೀರಾ?"

"ಹೂಂ."

"ಚೀಟಿ ಪಕ್ಕದಲ್ಲೇ ಇಟ್ಟು?"

"ಹೂಂ ಕಣ್ರೀ."

"ಹೇಗೆ ಮಾಡಿದ್ರಿ ಅಂತ ಆಮೇಲೆ ನನಗೂ ಕಳಿಸ್ತೀರಾ? ಇನ್ನೂ ನಾಲ್ಕು ಜನ ಇದೇ ಕೇಳಿ ಜೀವ ತಿಂತಾ ಇದಾರೆ. ಆಯ್ತು, ಹಾಕಿದೀನಿ ನೋಡಿ."

ವೈರಕ್ಕ ಫೋನಿನ ಬಾಯಿ ಮುಚ್ಚಿ ಅಣ್ಣನ ಕಡೆ ತಿರುಗಿದಳು. "ಇಲ್ಲಪ್ಪ 'ಆಯ್ತು' ಅಂದ!"

"ಹೆಸರು ಬದಲಿಸಬೇಕಾಗುತ್ತೆ" ಎಂದ ಅಣ್ಣ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಮೇಡಂ ಹೇಳಿದ ಹೊತ್ತಿಗೆ ಕೂತಳು. ಅವಳು ಕೂತದ್ದು ಇವರಿಗೆ ಕಾಣುವುದಿಲ್ಲ. ತೊಟ್ಟಿಯ ಪಕ್ಕದ ಪರದೆಯ ಮೇಲೆ ಹೊಸ ಸಾಲೊಂದು ಮೂಡಿದಾಗಲೇ ತಿಳಿದದ್ದು. ನೇಕಾರರು ಅಳೆದು ಕಳಿಸಿದ್ದು ಒಣಗಿದ ಗುಲಾಬಿಯ ಬಣ್ಣ. ಮೋಸದ ಬಣ್ಣ ಅದು. ಒಂದು ಎಳೆ ನೀಲಿ ಹೆಚ್ಚಾದರೆ ನೇರಳೆಯಾಗಿ ಕೂರುತ್ತದೆ. ಪುಡಿಗಳ ಅಳತೆ ಪರದೆಯ ಮೇಲೆ ನಿಂತಿತು. ಬೆಳ್ಳಗಾಗಲಿಲ್ಲ.

"ಮಾಮಾ, ತೂಗಿ."

ಹಬೆಮಾಮ ಹಳದಿ ತೂಗಿದ, ಕೆಂಪು ತೂಗಿದ, ನೀಲಿ ತೂಗಿದ. ಜಾಡಿಯಲ್ಲಿ ನೀರು ಸಣ್ಣಗೆ ಕುದಿಯುತ್ತಿತ್ತು. ಮೂರನ್ನೂ ಸುರಿಯುವ ಮೊದಲು ಅವನ ಬಲಗೈ ತನ್ನಷ್ಟಕ್ಕೆ ತಾನೇ ನೀಲಿಯ ತಟ್ಟೆಗೆ ಹೋಯಿತು. ಹೆಬ್ಬೆರಳು ತೋರುಬೆರಳು ಸೇರಿ ಒಂದು ಚಿಟಿಕೆ ಎತ್ತಿಯೂ ಆಯಿತು.

"ಮಾಮಾ! ಕೈ!"

ಹಬೆಮಾಮ ತನ್ನ ಬೆರಳುಗಳನ್ನು ಬೇರೆ ಯಾರವೋ ಎಂಬಂತೆ ನೋಡಿದ. "ಹಾಳು ಅಭ್ಯಾಸ" ಎಂದು ಗೊಣಗಿ, ಚಿಟಿಕೆಯನ್ನು ತಟ್ಟೆಗೇ ಉದುರಿಸಿದ. ಬೆರಳಿಗೆ ಅಂಟಿದ್ದನ್ನೂ ತಟ್ಟೆಯ ಅಂಚಿಗೆ ಒರೆಸಿದ.

ಲಡಿ ಮುಳುಗಿತು. ಮೂವರೂ ಜಾಡಿಯ ಸುತ್ತ ಬಗ್ಗಿ ನಿಂತರು. ಉಣ್ಣೆ ಬಣ್ಣ ಕುಡಿಯುತ್ತ ಕುಡಿಯುತ್ತ ನೀರು ತಿಳಿಯಾಯಿತು. ಹಬೆಮಾಮ ಅದನ್ನು ಚಿಮಟದಿಂದ ಎತ್ತಿ, ಹಿಂಡಿ, ಬಿಸಿಗಾಳಿಗೆ ಹಿಡಿದು ಒಣಗಿಸಿದ. ವೈರಕ್ಕ ಬಣ್ಣ ಓದುವ ಯಂತ್ರವನ್ನು ಅದರ ಮೇಲಿಟ್ಟು ಒತ್ತಿದಳು, ಅಂಕಿ ದೂರದ ಪಟ್ಟಣಕ್ಕೆ ಹೋಯಿತು. ಹಬೆಮಾಮ ಯಂತ್ರಕ್ಕೆ ಕಾಯಲಿಲ್ಲ. ಲಡಿಯನ್ನು ಕಿಟಕಿಗೆ ಒಯ್ದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿದ.

"ವಾಲಿಲ್ಲ" ಎಂದ. 

ಫೋನು ಹೊಡೆದುಕೊಂಡಿತು. ಅಣ್ಣ ಎತ್ತಿದ. ಕೇಳಿದ. "ಹೌದು ಮೇಡಂ" ಎಂದ, "ಆಗಬಹುದು ಮೇಡಂ" ಎಂದ, ಆಮೇಲೆ ಫೋನನ್ನು ಮೇಜಿನ ಮೇಲೆ ಇಟ್ಟ.

"ಏನಂತೆ? ಹೇಳು ಅಣ್ಣಾ! ಕಲ್ಲಿನ ಥರ ನಿಂತಿದೀಯಲ್ಲ!"

"ಇದೇ ಗುಲಾಬಿ, ದೊಡ್ಡ ಗಂಬಳಿಗೆ ಆಗೋಷ್ಟು. ಆಮೇಲೆ ಇನ್ನೂ ಬಣ್ಣ ಕಳಿಸ್ತಾರಂತೆ. ಒಂದು ತೊಟ್ಟಿ ಸಾಲುತ್ತಾ ಅಂತ ಕೇಳಿದ್ರು."

"ನೀನೇನಂದೆ?"

"ಎರಡಿದೆ ಅಂದೆ."

ಹಬೆಮಾಮ ಆ ಮಾತು ಮುಗಿಯುವ ತನಕವೂ ನಿಲ್ಲಲಿಲ್ಲ. ಬೆಂಕಿಕಡ್ಡಿ ಹುಡುಕುತ್ತ ಜೇಬು ತಡವಿದ, ಮೇಜು ತಡವಿದ, ವೈರಕ್ಕನ ವೈರು ತುಂಬಿದ ಚೀಲವನ್ನೂ ತಡವಿದ. "ಈ ಮನೆಯಲ್ಲಿ ವೈರು ಎಲ್ಲಾ ಕಡೆ ಸಿಗುತ್ತೆ, ಒಂದು ಬೆಂಕಿಕಡ್ಡಿ ಸಿಗಲ್ಲ!" ಎಂದು ಕೂಗಿದ. ಅದು ಅವನ ಕಿವಿಯ ಹಿಂದೆಯೇ ಸಿಕ್ಕಿಕೊಂಡಿತ್ತು. ಎರಡನೇ ತೊಟ್ಟಿಯ ಕೆಳಗೆ ನೀಲಿ ಉರಿ ಭುಸ್ಸೆಂದು ಎದ್ದಿತು, ಎಷ್ಟೋ ದಿನದಿಂದ ತಣ್ಣಗಿದ್ದ ತಗಡು ಟಣ್ ಟಣ್ ಎಂದು ಸದ್ದು ಮಾಡಿತು.

ಆ ಸದ್ದು ಮಹಡಿಗೂ ಕೇಳಿರಬೇಕು. ಅಮ್ಮ ಇಡೀ ದಿನದಲ್ಲಿ ಮೊದಲ ಸಲ ಮೆಟ್ಟಿಲಿಳಿದು ಬಂದಳು. ಕೊನೆಯ ಮೆಟ್ಟಿಲ ಮೇಲೆ ನಿಂತು ಉರಿಯನ್ನು ನೋಡಿದಳು, ತಲೆಯಲ್ಲಿ ಗುಲಾಬಿ ಬಣ್ಣದ ಎಳೆಯೊಂದನ್ನು ಅಂಟಿಸಿಕೊಂಡು ನಿಂತಿದ್ದ ಮಗಳನ್ನೂ ನೋಡಿದಳು.

"ಬಂತೇನೇ?"

"ಬಂತಮ್ಮಾ" ಎಂದಳು ವೈರಕ್ಕ. "ಈ ಸಲ ನಿಜವಾಗ್ಲೂ ಅವನೇ ಬಂದ."